ಮಡಚುವ ಚೌಕಾ

ಜಿನ್ನವ್ವ ಬೆಲ್ಲ ಬಿಟ್ಟು ಮೂರು ವರ್ಷವಾಗಿತ್ತು. ಹುಕ್ಕೇರಿ ತಾಲೂಕಿನಲ್ಲಿ ಸ್ವಂತ ಕಬ್ಬಿನ ಹೊಲ ಇರುವ ಮನೆಯ ಹಿರಿಯ ಸೊಸೆ ಬೆಲ್ಲ ಬಿಡುವುದೆಂದರೆ ಸಣ್ಣ ಮಾತಲ್ಲ. ಹಬ್ಬದ ದಿನ ಹೋಳಿಗೆ ತಟ್ಟುವವಳು ಅವಳೇ, ಮನೆಮಂದಿಗೆಲ್ಲ ತುಪ್ಪ ಹಾಕಿ ಬಡಿಸುವವಳು ಅವಳೇ, ಕೊನೆಗೆ ತಾನು ಮಾತ್ರ ಅನ್ನ ಸಾರು ಉಂಡು ಏಳುವಳು. ಚಹಾ ಕೂಡ ಸಪ್ಪಗೆ ಕುಡಿಯುವಳು. ಸಕ್ಕರೆಯೂ ಕಬ್ಬಿನದೇ ಅಲ್ಲವೇ ಎಂಬುದು ಅವಳ ವಾದ.

ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳ ಮನೆಗೆ ಮಹಾರಾಜರು ಆಹಾರಕ್ಕೆ ಬಂದಿದ್ದರು. ಮಹಾರಾಜರು ಎಂದರೆ ಕೈಯಲ್ಲೊಂದು ನವಿಲುಗರಿಯ ಪಿಂಛಿ, ಒಂದು ಕಮಂಡಲು, ಅಷ್ಟು ಬಿಟ್ಟರೆ ಮೈಮೇಲೆ ನೂಲಿನ ಎಳೆಯೂ ಇಲ್ಲದೆ ಊರಿಂದ ಊರಿಗೆ ನಡೆದೇ ಹೋಗುವ ದಿಗಂಬರ ಮುನಿಗಳು. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುವವರು. ತುತ್ತಿನಲ್ಲಿ ಕೂದಲೋ ಹುಳವೋ ಕಂಡರೆ ಊಟ ಅಲ್ಲಿಗೇ ಮುಗಿಯಿತು. ಅದಕ್ಕೆ ಅಂತರಾಯ ಎನ್ನುತ್ತಾರೆ. ಮರುದಿನದವರೆಗೆ ಅವರಿಗೆ ಹನಿ ನೀರೂ ಇಲ್ಲ. ಅಂದು ಜಿನ್ನವ್ವ ಇನ್ನೂ ಎರಡನೆಯ ತುತ್ತು ಇಡುತ್ತಿದ್ದಳು, ಅನ್ನದೊಳಗಿಂದ ಉದ್ದನೆಯದೊಂದು ಕೂದಲು ಎದ್ದು ಬಂತು. ಮಹಾರಾಜರು ಬೊಗಸೆ ಬಿಟ್ಟರು, ಕೈ ತೊಳೆದರು, ಸುಮ್ಮನೆ ಹೊರಟುಹೋದರು. ರಣಬಿಸಿಲಿನಲ್ಲಿ ಅವರು ಖಾಲಿ ಹೊಟ್ಟೆಯಲ್ಲಿ ನಡೆದು ಹೋಗುವುದನ್ನು ಜಿನ್ನವ್ವ ಅಂಗಳದಲ್ಲಿ ನಿಂತು ಕಣ್ಣಾರೆ ನೋಡಿದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಸದಿಯಲ್ಲಿ ಹೆಂಗಸರು ಅವಳ ತುರುಬಿನ ಕಡೆಗೊಮ್ಮೆ ನೋಡಿ ಮಾತು ಬದಲಿಸುತ್ತಿದ್ದರು, ಅಷ್ಟೇ.

ಅದೇ ಮಹಾರಾಜರು ತನ್ನ ಕೈಯಿಂದ ಉಣ್ಣುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು ಅವಳು ನಿಯಮ ಹಿಡಿದಳು. ಇನ್ನೊಂದು ಮಾತನ್ನೂ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು: ಆ ಕೂದಲು ತನ್ನದಲ್ಲ. ಅಂದು ಅಡುಗೆಮನೆಯಲ್ಲಿ ಅವಳ ಜೊತೆ ಇದ್ದವಳು ನೆಗೆಣ್ಣಿ ಸಾವಿತ್ರವ್ವ ಒಬ್ಬಳೇ. ಮೈದುನ ತೀರಿಕೊಂಡ ಮೇಲೆ ಸಾವಿತ್ರವ್ವ ಬಾಜೂ ಮನೆಯಲ್ಲಿ ಬೇರೆ ಇದ್ದಳು. ಕಡಿಮೆ ಮಾತು, ನೆಟ್ಟ ನೋಟ. ಮೊಣಕಾಲು ಮುಟ್ಟುವ ಜಡೆ ಬೇರೆ. ಜಿನ್ನವ್ವನ ಪಾಲಿಗೆ ಇಷ್ಟು ಸಾಕ್ಷಿ ಸಾಕಾಗಿತ್ತು. ಆ ಅಂತರಾಯದ ಮುಂದಿನ ವರ್ಷವೇ ಇನ್ನೊಬ್ಬ ಮುನಿಗಳು ಬಂದಾಗ ಸಾವಿತ್ರವ್ವನ ಮನೆಯಲ್ಲಿ ಆಹಾರ ಸಾಂಗವಾಗಿ ನಡೆಯಿತಲ್ಲ, ಅಂದಿನಿಂದ ಈ ಅನುಮಾನ ಬಲಿತು ಮರವಾಯಿತು.

ಕಾರ್ಗಿಲ್ ಯುದ್ಧವಾದ ವರ್ಷದ ಚಳಿಗಾಲದಲ್ಲಿ ಸುದ್ದಿ ಬಂತು. ಅದೇ ಮಹಾರಾಜರು ಮೂಡಲಗಿಯ ಕಡೆಯಿಂದ ಹೊರಟು ಗೋಕಾಕ, ಘಟಪ್ರಭಾ, ಹುಕ್ಕೇರಿ, ನಿಡಸೋಸಿ ದಾಟಿ ಸಂಕೇಶ್ವರದ ಮೇಲೆ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅಲ್ಲಿಂದ ಮುಂದೆ ಉತ್ತರಕ್ಕೆ. ವಯಸ್ಸಾಗಿದೆ, ಈ ಕಡೆ ಇನ್ನು ಬರಲಾರರು.

"ಅವರು ದಾಟಿ ಹ್ವಾದ್ರ ನಾ ಸಾಯೂತನಾ ಸಪ್ಪನ ಚಹಾ ಕುಡೀಬೇಕು," ಎಂದಳು ಜಿನ್ನವ್ವ ಗಂಡನಿಗೆ.

ಗಂಡ ಬಾಪುಸಾಹೇಬ ಹೊಸದರ ಹುಚ್ಚಿನ ಮನುಷ್ಯ. ಆ ದಾರಿಯಲ್ಲಿ ಜೈನರ ಮನೆಯೇ ಇಲ್ಲದ ಊರುಗಳು ಬಹಳ. ಅಂಥಲ್ಲಿ ಶ್ರಾವಕರೇ, ಅಂದರೆ ಜೈನ ಗೃಹಸ್ಥರೇ, ಪಾತ್ರೆ ಪಡಗ ಹೊತ್ತುಕೊಂಡು ಮುಂದೆ ಹೋಗಿ, ಚಪ್ಪರ ಹಾಕಿ, ಚೌಕಾ ಹೂಡಬೇಕು. ಚೌಕಾ ಎಂದರೆ ಮುನಿಗಳ ಆಹಾರಕ್ಕೆಂದೇ ಮಾಡುವ ಮಡಿ ಅಡುಗೆಮನೆ. ಬಾವಿಯ ನೀರು ಸೇದಿ ಸೋಸುವುದರಿಂದ ಹಿಡಿದು ಒಲೆ ಹಚ್ಚುವವರೆಗೆ ಎಲ್ಲವೂ ಸೂರ್ಯ ಹುಟ್ಟಿದ ಮೇಲೆಯೇ ಆಗಬೇಕು, ಮಹಾರಾಜರು ಹೊತ್ತೇರುವ ಮುಂಚೆ ಆಹಾರಕ್ಕೆ ಹೊರಟುಬಿಡುತ್ತಾರೆ. ಚಪ್ಪರ ಹಾಕುವುದರಲ್ಲೇ ಅರ್ಧ ಹೊತ್ತು ಹೋದರೆ ಅಡುಗೆ ಯಾವಾಗ?

ಬಾಪುಸಾಹೇಬನಿಗೆ ಗೋಕಾಕ ಫಾಲ್ಸಿನ ಬಳಿ ಎಂದೋ ನೋಡಿದ್ದು ನೆನಪಾಯಿತು. ಯಾರೋ ಬಿಳಿ ಗಂಡಹೆಂಡತಿ ಜೀಪಿನ ಹಿಂದೆ ಒಂದು ಚಪ್ಪಟೆ ಪೆಟ್ಟಿಗೆ ಎಳೆದುಕೊಂಡು ಬಂದಿದ್ದರು. ಹಿಡಿಕೆ ತಿರುಗಿಸಿದಂತೆ ಪೆಟ್ಟಿಗೆಯ ಮುಚ್ಚಳ ಮೇಲೆದ್ದು ಛಾವಣಿಯಾಯಿತು, ಎರಡೂ ಕಡೆ ಹಲಗೆ ಹೊರಗೆ ಬಂದು ಹಾಸಿಗೆಯಾಯಿತು, ಸುತ್ತ ಬಟ್ಟೆಯ ಗೋಡೆ ನಿಂತಿತು. ಕಬ್ಬಿನ ಮೀಟಿಂಗು ಬಿಟ್ಟು ಅವನು ಅಂದು ಸಂಜೆಯವರೆಗೆ ಅಲ್ಲೇ ನಿಂತು ನೋಡಿದ್ದ. ಈಗ ತನ್ನ ಟ್ರ್ಯಾಕ್ಟರಿನ ಹಳೆಯ ಟ್ರ್ಯಾಲಿಯನ್ನು ಗೋಕಾಕದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ ಈಶ್ವರನ ಮುಂದೆ ಒಯ್ದು ನಿಲ್ಲಿಸಿ, "ಇದನ್ನ ಮಡಚೂ ಮನಿ ಮಾಡಿಕೊಡು," ಎಂದ.

ಈಶ್ವರ ಮಾತಿನ ಮಲ್ಲ. "ಮಾಡೂಣ್ರಿ ಸಾವಕಾರ್ರ, ಏನ್ ದೊಡ್ಡದ," ಎಂದು ಕೆಲಸ ಮುಗಿಸುವ ಮುಂಚೆಯೇ ಊರ ತುಂಬ ಹೇಳಿಕೊಂಡು ಬಂದ. ಪಕ್ಕದ ತಗಡುಗಳಿಗೆ ಬಿಜಾಗರಿ ಹಾಕಿ ನೆಲವಾಗುವಂತೆ ಮಾಡಿದ. ಮೇಲೆ ಪೈಪಿನ ಚೌಕಟ್ಟು, ತಾಡಪತ್ರಿಯ ಛಾವಣಿ. ನಾಲ್ಕು ಮೂಲೆಗೆ ನಟ್ಟು ಬೋಲ್ಟು.

ಮೂಡಲಗಿಯ ಆಚೆಯ ಒಂದು ಊರಲ್ಲಿ ಮೊದಲ ಪರೀಕ್ಷೆಯಾಯಿತು, ಮಾನ ಹೋಯಿತು. ಬೆಳಕು ಹರಿದ ಮೇಲೆ ಬೋಲ್ಟು ಬಿಗಿಯಲು ಹೋದರೆ ಒಂದೊಂದು ಮೂಲೆಗೂ ಇಬ್ಬರು ಆಳು, ಎರಡು ಪಾನಾ. ತೂತಿಗೆ ತೂತು ಕೂಡುತ್ತಿರಲಿಲ್ಲ. ಆಹಾರ ಕೊಡಲು ತಾನೂ ಅದೇ ದಾರಿ ಹಿಡಿದು ಬಂದಿದ್ದ ಸಾವಿತ್ರವ್ವ ಆಚೆ ನಾಲ್ಕು ಬಿದಿರು, ಎರಡು ಚಾದರದಲ್ಲಿ ಚೌಕಾ ಹೂಡಿ ಒಲೆಯ ಮೇಲೆ ಹಾಲು ಇಟ್ಟಾಗಿತ್ತು. ಜಿನ್ನವ್ವನ ಅನ್ನ ಬೇಯುವಷ್ಟರಲ್ಲಿ ಮಹಾರಾಜರು ಹೊರಟರು. ಅದೂ ಟ್ರ್ಯಾಲಿಯ ಹಿಂಭಾಗದಿಂದ ಬಂದರು. ಅವಳು ಮುಂದಿನ ಬಾಗಿಲಲ್ಲಿ ಕಲಶ ಹಿಡಿದು ನಿಂತಿದ್ದಳು, ಅವರು ಬಂದು ಹೋದದ್ದು ಅವಳಿಗೆ ಜನರ ಗದ್ದಲದಿಂದ ತಿಳಿಯಿತು.

"ಬೋಲ್ಟಿನ ತೂತ ಬೇಕಂತನ ಸೊಟ್ಟ ಹೊಡದಾನ ಅಂವ," ಎಂದಳು ಜಿನ್ನವ್ವ.

"ಯಾಕ ಹೊಡೀತಾನ? ಅವಗೇನ ಲಾಭ?" ಎಂದ ಬಾಪುಸಾಹೇಬ.

"ಯಾರರ ಹೇಳಿರತಾರ."

ಯಾರು ಎಂದು ಅವನು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಮೂರು ವರ್ಷದಿಂದ ಗೊತ್ತಿತ್ತು.

ಮಹಾರಾಜರು ಗೋಕಾಕದ ಬಸದಿಯಲ್ಲಿ ತಂಗಿದ್ದಾಗ ಟ್ರ್ಯಾಲಿ ಮತ್ತೆ ಈಶ್ವರನ ಅಂಗಡಿ ಸೇರಿತು. ಈ ಸಲ ಬಾಪುಸಾಹೇಬ ತಾನೇ ಸ್ಟೂಲ್ ಹಾಕಿಕೊಂಡು ಕೂತು ಕೆಲಸ ಮಾಡಿಸಿದ. ಬೋಲ್ಟು ಹೋಗಿ ಪಿನ್ನು ಬಂತು: ಪೈಪಿನೊಳಗೆ ಪೈಪು, ಮೇಲೆ ಎತ್ತಿ ಒಂದು ಪಿನ್ನು ತೂರಿಸಿದರೆ ಮೂಲೆ ನಿಂತಿತು. ಬಾವಿಯ ರಾಟಿಗೆ ತಂತಿಹಗ್ಗ ಹಾಕಿ ಒಂದು ಹಿಡಿಕೆ ಕೂಡಿಸಿದರು. ಒಬ್ಬನೇ ತಿರುಗಿಸಿದರೆ ಛಾವಣಿ ಪೂರ್ತಿ ಮೇಲೇಳುತ್ತಿತ್ತು. ನೆಲದ ಹಲಗೆಗೆ ಮಡಚುವ ಕಾಲು. ಮಹಾರಾಜರು ಯಾವ ಕಡೆಯಿಂದ ಬಂದರೂ ಸರಿ ಎಂದು ಎಡಕ್ಕೂ ಬಲಕ್ಕೂ ಬಾಗಿಲು. ಬಾಪುಸಾಹೇಬ ಹಿಡಿಕೆ ತಿರುಗಿಸಿ ಛಾವಣಿ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಮಗು ಕೂಡ ಒಂದು ಆಟಿಕೆಯನ್ನು ಅಷ್ಟು ಹೊತ್ತು ಆಡಿರಲಿಕ್ಕಿಲ್ಲ.

ಆದರೆ ಜಿನ್ನವ್ವನಿಗೆ ಬೇಕಾದದ್ದು ಬೇರೆ. "ಒಲಿ ಇರೂ ಬಾಜೂ ಹೊರಗಿಂದ ತಗಡ ಹಚ್ಚು. ಎದಿಮಟ ಅಲ್ಲ, ಛತ್ತಿನಮಟ," ಎಂದಳು ಈಶ್ವರನಿಗೆ.

"ಭಾರ ಆಗತೈತ್ರಿ ಅಕ್ಕಾರ. ತಾಡಪತ್ರಿ ಸಾಕಲ್ರಿ. ಮತ್ತ ತಗಡ ಹಚ್ಚಿದ್ರ ಆ ಮೂಲಿ ಪಿನ್ನ ಹೊರಗಿಂದ ಹಾಕಾಕ ಬರೂದಿಲ್ಲ, ಒಳಗಿಂದನ ಹಾಕಬೇಕು."

"ಒಳಗಿಂದನ ಹಾಕತೇವಿ. ಹೊರಗಿನವ್ರ ಕೈ ಒಳಗ ಬರಬಾರದು, ಅಷ್ಟ."

ಅಡುಗೆ ಸಾಮಾನಿನ ಪೆಟ್ಟಿಗೆಗೆ ಕೀಲಿ, ಹಿಟ್ಟಿನ ಡಬ್ಬಿಗೆ ಕೀಲಿ, ನೀರಿನ ಹಂಡೆಗೂ ಒಂದು ಮುಚ್ಚಳ ಮಾಡಿಸಿ ಕೀಲಿ. ಈಶ್ವರ ನಕ್ಕು, "ಬ್ಯಾಂಕ್ ಆತ್ರಿ ಇದು," ಎಂದ. ಕೆಲಸ ಮುಗಿದ ಖುಷಿಗೆ ಅಂಗಡಿಯಿಂದ ಕರದಂಟು ತರಿಸಿ ಎಲ್ಲರಿಗೂ ಕೊಟ್ಟ, ಜಿನ್ನವ್ವನ ಕೈಗೂ ಒಂದು ತುಂಡು ಇಡಲು ಬಂದ. ಕರದಂಟಿನಲ್ಲಿ ಬೆಲ್ಲವಿರುತ್ತದೆ ಎಂದು ಗೋಕಾಕದಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲವೇ? ನಿಯಮ ಮುರಿಸಲು ಇವನಿಗೆ ಯಾರು ಹೇಳಿಕೊಟ್ಟರು? ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪಾಪ, ಈಶ್ವರ ಆ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡ.

ಏನಾದರೂ ಕೆಟ್ಟರೆ ರಿಪೇರಿಗೆ ಬೇಕೆಂದು ಬಾಪುಸಾಹೇಬ ಈಶ್ವರನನ್ನೇ ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಹೊರಟ. ಘಟಪ್ರಭಾದ ಹತ್ತಿರ ಬೀಡುಬಿಟ್ಟ ಸಂಜೆ ಜಿನ್ನವ್ವ ನೀರು ತರಲು ಹೋಗಿ ಬರುವಾಗ ಟ್ರ್ಯಾಲಿಯ ಪಕ್ಕದಲ್ಲಿ ಎರಡು ದನಿ ಕೇಳಿತು. ಒಂದು ಈಶ್ವರನದು, ಇನ್ನೊಂದು ಸಾವಿತ್ರವ್ವನದು.

"ಇಷ್ಟ ದೊಡ್ಡ ಛತ್ತ ಈ ನಾಕ ಪಿನ್ನಿನ ಮ್ಯಾಲ ನಿಂತೈತೇನಪಾ?" ಸಾವಿತ್ರವ್ವ ಕೇಳುತ್ತಿದ್ದಳು.

"ಹೌದ್ರಿ ಅಕ್ಕಾರ. ಒಂದ ತಗದ್ರ ಸಾಕು, ಆ ಮೂಲಿ ಕುಂತ ಬಿಡತೈತಿ."

ಕೊಡ ಜಿನ್ನವ್ವನ ಸೊಂಟದಲ್ಲೇ ತುಳುಕಿತು. ಅವಳನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು. ಸಾವಿತ್ರವ್ವ, "ಚಲೋ ಆಗೇತಿ ಅಕ್ಕಾ. ನಂದೂ ಒಂದು ಹಿಂಗ ಸಣ್ಣದ ಮಾಡಸಬೇಕಂತೇನಿ," ಎಂದು ತನ್ನ ದಾರಿ ಹಿಡಿದಳು. ಎಷ್ಟು ಸರಾಗವಾಗಿ ಸುಳ್ಳು ಹೇಳಿದಳು ಎಂದುಕೊಂಡಳು ಜಿನ್ನವ್ವ.

ಅಂದಿನಿಂದ ಅವಳೊಂದು ಪದ್ಧತಿ ಶುರು ಮಾಡಿದಳು. ರಾತ್ರಿ ಟ್ರ್ಯಾಲಿ ಮಡಚಿದ ಮೇಲೆ ನಾಲ್ಕೂ ಪಿನ್ನು ತೆಗೆದು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಮಲಗುವಳು. ಮಗ್ಗುಲು ಬದಲಿಸಿದಾಗಲೆಲ್ಲ ಕಬ್ಬಿಣ ಪಕ್ಕೆಗೆ ಒತ್ತುತ್ತಿತ್ತು, ಒತ್ತಿದಷ್ಟೂ ನೆಮ್ಮದಿ. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಗಂಟು ಬಿಚ್ಚಿ ಗಂಡನ ಕೈಗೆ ಕೊಡುವಳು. ಅವನು ತೊಳೆದು ಚೌಕಾದಲ್ಲಿ ಇಡುವನು. ಆಮೇಲೆ ಅವಳು ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿಸಿದ ಮಡಿ ಸೀರೆ ಉಟ್ಟು ಒಳಗೆ ಬರುವಳು. ಮಡಿ ಉಟ್ಟವರಿಗೆ ಮಾತ್ರ ಚೌಕಾದೊಳಗೆ ಪ್ರವೇಶ. ಈಶ್ವರ, ಡ್ರೈವರ್ ಎಲ್ಲ ಹೊರಗಿನ ಗೆರೆಯ ಆಚೆ.

ಘಟಪ್ರಭಾದಲ್ಲಿ ಟ್ರ್ಯಾಲಿ ಹೂವಿನಂತೆ ಅರಳಿತು, ಅಡುಗೆಯೂ ಹೊತ್ತಿಗೆ ಸರಿಯಾಗಿ ಆಯಿತು, ಆದರೂ ಮಹಾರಾಜರು ಮುಂದೆ ಹೋದರು. ಮುನಿಗಳು ಹೊರಡುವಾಗ ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಂಡಿರುತ್ತಾರೆ. ಇಂಥದು ಕಂಡರೆ ಮಾತ್ರ ನಿಲ್ಲುವೆ ಎಂದು. ಕಲಶದ ಮೇಲೆ ತೆಂಗಿನಕಾಯಿಯೋ, ಕೈಯಲ್ಲಿ ಹಣ್ಣೋ, ಗಂಡಹೆಂಡತಿ ಜೋಡಿಯೋ, ಯಾರಿಗೂ ಹೇಳುವುದಿಲ್ಲ. ಕಾಣದಿದ್ದರೆ ಉಪವಾಸ ಹಿಂದಿರುಗುತ್ತಾರೆ. ಹುಕ್ಕೇರಿಯಲ್ಲಂತೂ ಮನೆಮನೆಯಲ್ಲೂ ಚೌಕಾ. ಜಿನ್ನವ್ವ ಒಮ್ಮೆ ನಿಂಬೆಹಣ್ಣು ಹಿಡಿದಳು, ಒಮ್ಮೆ ಬಾಳೆಹಣ್ಣು, ಒಮ್ಮೆ ಗಂಡನ ಕೈಯಲ್ಲಿ ಎರಡು ಕಲಶ ಹೊರಿಸಿದಳು. ಮಹಾರಾಜರು ಬೇರೆ ಯಾರದೋ ಮನೆ ಹೊಕ್ಕರು. ಸಾವಿತ್ರವ್ವನಿಗೂ ಸಿಗಲಿಲ್ಲ ಎಂಬುದೊಂದೇ ಸಮಾಧಾನ. ಅಂಥ ಸಮಾಧಾನ ಪಡುವುದು ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೂ ಪಟ್ಟಳು.

ಉಳಿದದ್ದು ಒಂದೇ ದಿನ. ನಿಡಸೋಸಿಯ ಕ್ರಾಸಿನ ಹತ್ತಿರದ ಒಂದು ಕನ್ನಡ ಸಾಲೆಯಲ್ಲಿ ಮಹಾರಾಜರು ತಂಗಿದರು. ಮರುದಿನ ಬೆಳಗಿನ ಆಹಾರ ಅಲ್ಲೇ, ಆಮೇಲೆ ಸಂಕೇಶ್ವರ. ಅಲ್ಲಿ ಮೆರವಣಿಗೆ, ಸಾವಿರಾರು ಜನ, ಇವರನ್ನು ಯಾರು ಕೇಳುತ್ತಾರೆ? ಬೇರೆ ಶ್ರಾವಕರೆಲ್ಲ ಅದರ ತಯಾರಿಗೆ ಮುಂದೆ ಹೋಗಿದ್ದರು. ಸಾಲೆಯ ಬಯಲಿನಲ್ಲಿ ಇದ್ದದ್ದು ಎರಡೇ ಚೌಕಾ: ಜಿನ್ನವ್ವನ ಟ್ರ್ಯಾಲಿ, ಅದಕ್ಕೆ ತಗುಲಿದಂತೆ ಗಾಳಿ ಬೀಸಿ ಹೋಗುವ ಕಡೆಗೆ ಸಾವಿತ್ರವ್ವನ ಬಿದಿರಿನ ಚಪ್ಪರ.

ಹೆಂಗಸರು ಸಾಲೆಯ ಆಚೆಯ ಕೋಣೆಯಲ್ಲಿ ಮಲಗಿದ್ದ ಆ ರಾತ್ರಿ ಜಿನ್ನವ್ವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದವಳೇ ಗಡಿಬಿಡಿಯಲ್ಲಿ ಗಂಟು ಬಿಚ್ಚಿ ಪಿನ್ನುಗಳನ್ನು ಗಂಡನ ಕೈಗೆ ಸುರಿದು, ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು, ಮಡಿ ಉಟ್ಟು ಬಂದಳು. ಹೊತ್ತು ಹುಟ್ಟಿತು. ಬಾಪುಸಾಹೇಬ ಹಿಡಿಕೆ ತಿರುಗಿಸಿದ, ಛಾವಣಿ ಎದ್ದಿತು, ಒಲೆ ಹೊತ್ತಿತು. ಅವನು ಮೂಲೆಯಿಂದ ಮೂಲೆಗೆ ಪಿನ್ನು ತೂರಿಸುತ್ತ ಬಂದವನು ಒಲೆಯ ಮೇಲಿನ ಮೂಲೆಗೆ ಬಂದು ನಿಂತ.

"ಇನ್ನೊಂದ ಪಿನ್ನ ಎಲ್ಲಿ?"

"ನಾಕೂ ಕೊಟ್ಟೇನಲ್ಲ."

"ಮೂರ ಕೊಟ್ಟಿ."

"ನಾಕ ಕೊಟ್ಟೇನಿ. ಎಲ್ಲಿಟ್ಟಿದ್ರಿ? ಯಾರರ ಬಂದಿದ್ರೇನ ಇಲ್ಲೆ?"

"ಯಾರೂ ಬಂದಿಲ್ಲ. ಸಾವಿತ್ರಿ ಕಿಚ್ಚ ಕೇಳಾಕ ಬಂದಿದ್ಲು, ಅಲ್ಲೇ ನಿಂತ ಹ್ವಾದ್ಲು."

ಮುಗಿಯಿತು. ಕಿಚ್ಚು ಕೇಳಲು ಬಂದಳಂತೆ. ಕಡ್ಡಿಪೆಟ್ಟಿಗೆ ಇಲ್ಲದೆ ಚೌಕಾ ಹೂಡಲು ಬರುತ್ತಾರೆಯೇ ಯಾರಾದರೂ? ಜಿನ್ನವ್ವ ಚಾದರದ ಆಚೆಗೆ ಕೇಳುವಂತೆಯೇ ಹೇಳಿದಳು, "ಒಮ್ಮಿ ಕೂದಲ ಹಾಕಿ ಆತು. ಈಗ ಪಿನ್ನಿಗೆ ಕೈ ಹಚ್ಯಾರ."

ಮೂರು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಿತ್ತು. ಆಚೆ ಚಪ್ಪರದಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಬಾಪುಸಾಹೇಬ ತಲೆ ತಗ್ಗಿಸಿ ಆ ಮೂಲೆಯ ಪೈಪನ್ನು ಎರಡೂ ಕೈಯಿಂದ ಹಿಡಿದು ನಿಂತ. ಅವನು ಹಾಗೆ ನಿಂತಿರುವಾಗಲೇ, ಒಲೆಯ ಹೊಗೆಯಲ್ಲೇ, ಜಿನ್ನವ್ವ ಹೇಗೋ ಅಡುಗೆ ಮುಗಿಸಿದಳು.

ಹೊರಗಿನಿಂದ ಈಶ್ವರ ಕೂಗಿದ, "ಸಾವಕಾರ್ರ, ಈ ತಗಡ ಇರಲಿಲ್ಲಂದ್ರ ಇಲ್ಲಿಂದನ ಒಂದ ಬೋಲ್ಟ ತುರಕತಿದ್ನಿರಿ. ಟ್ರ್ಯಾಕ್ಟರ್ ಕೆರಿ ಕಡೆ ನೀರ ತರಾಕ ಹೋಗೇತಿ, ನನ್ನ ಚೀಲ ಅದರಾಗ ಐತಿ. ಓಡಿ ತರತೇನಿ."

ಅವನು ಓಡಿದ. ಅಷ್ಟರಲ್ಲಿ ಸಾಲೆಯ ಬಾಗಿಲಲ್ಲಿ ಜಯಕಾರ ಕೇಳಿತು. ಮಹಾರಾಜರು ಹೊರಟಿದ್ದರು.

ಕಲಶ ಹಿಡಿದು ಗಂಡಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಲ್ಲಬೇಕು. ಬಾಪುಸಾಹೇಬ ಕೈಬಿಟ್ಟರೆ ಛಾವಣಿ ನೇರ ಒಲೆಯ ಮೇಲೆ. ಹೊರಗಿನವರು ಯಾರೂ ಒಳಗೆ ಬರುವಂತಿಲ್ಲ. ಜಿನ್ನವ್ವ ಸುತ್ತ ನೋಡಿದಳು. ಆ ಬಯಲಿನಲ್ಲಿ ಮಡಿ ಉಟ್ಟು ನಿಂತ ಜೀವ ಇನ್ನೊಂದೇ ಇತ್ತು.

ಕರೆಯುವ ಮುಂಚೆಯೇ ಸಾವಿತ್ರವ್ವ ಚಾದರ ಸರಿಸಿ ಒಳಗೆ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಅವಳು ಜಿನ್ನವ್ವನ ಮುಖ ನೋಡಲಿಲ್ಲ.

"ಸರೀರಿ ಭಾವಾರ, ನಾ ಹಿಡಿತೇನಿ. ನೀವು ಬಾಗಲಕ ಹೋಗ್ರಿ," ಎಂದು ತಗಡಿನ ಗೋಡೆಯ ಮರೆಯಲ್ಲಿ ನಿಂತು ಪೈಪಿಗೆ ಹೆಗಲು ಕೊಟ್ಟಳು.

ಯಾಕೆ ಬಂದಳು? ಕೊನೆಯ ಗಳಿಗೆಯಲ್ಲಿ ಕೈಬಿಡಲಿಕ್ಕೋ? ಜಿನ್ನವ್ವನಿಗೆ ಮೊದಲು ಹೊಳೆದದ್ದು ಇದೇ. ಆದರೆ ಯೋಚನೆಗೆ ಹೊತ್ತಿರಲಿಲ್ಲ. ಅವಳು ಕಲಶ ಎತ್ತಿಕೊಂಡು ಗಂಡನ ಪಕ್ಕ ನಿಂತಳು. ಮಹಾರಾಜರು ಆಹಾರಕ್ಕೆ ಹೊರಟ ಗುರುತಾಗಿ ಬಲಗೈಯ ಬೆರಳು ಹೆಗಲಿಗೆ ಹಚ್ಚಿ, ನೆಲ ನೋಡುತ್ತ, ಮೆಲ್ಲಗೆ ಬಯಲು ದಾಟಿ ಬರುತ್ತಿದ್ದರು. ಬಹಳ ಬಡವಾಗಿದ್ದರು.

"ಹೇ ಸ್ವಾಮಿ, ನಮೋಸ್ತು, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ."

ಮಹಾರಾಜರು ನಿಂತರು.

ಗಂಡ ಮೊಣಕೈ ತಾಗಿಸಿದ. ಇಬ್ಬರೂ ಮೂರು ಸುತ್ತು ಬಂದರು. ಇನ್ನು ಉಳಿದದ್ದು ನಾಲ್ಕು ಮಾತು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ. ಕೊಡುವವರು ಇವನ್ನು ಬಾಯಿ ಬಿಟ್ಟು ಹೇಳಿದ ಮೇಲೆಯೇ ಮುನಿಗಳು ಒಳಗೆ ಕಾಲಿಡುವುದು. ಚಿಕ್ಕಂದಿನಿಂದ ಸಾವಿರ ಸಲ ಹೇಳಿದ ಮಾತು, ನಿದ್ದೆಯಲ್ಲೂ ಹೇಳಬಲ್ಲಳು. ಹೇಳಲು ಬಾಯಿ ತೆರೆದು, ಅಭ್ಯಾಸದಂತೆ ಸೆರಗು ಸರಿಮಾಡಲು ಕೈ ಹಾಕಿದಳು. ಮಡಿ ಸೀರೆಯ ಸೆರಗು ಹಗುರವಾಗಿತ್ತು. ಗಂಟಿಲ್ಲ, ಭಾರವಿಲ್ಲ.

ಆಗ ನೆನಪಾಯಿತು. ರಾತ್ರಿ ನಿದ್ದೆ ಬಾರದೆ ಎದ್ದು ಕೂತಾಗ, ಒಂದೇ ಗಂಟಿನಲ್ಲಿ ನಾಲ್ಕೂ ಇದ್ದರೆ ಯಾರಾದರೂ ಒಮ್ಮೆಲೇ ಕತ್ತರಿಸಿಕೊಂಡು ಹೋದಾರು ಎಂದು ಒಂದು ಪಿನ್ನನ್ನು ಬೇರೆ ತೆಗೆದು ಸೊಂಟದ ನೆರಿಗೆಯ ಒಳಗೆ ಸಣ್ಣ ಗಂಟು ಕಟ್ಟಿದ್ದಳು. ಬೆಳಿಗ್ಗೆ ಬಿಚ್ಚಿದ್ದು ಸೆರಗಿನ ಗಂಟು ಮಾತ್ರ. ಇನ್ನೊಂದು ಗಂಟು ಆ ಸೀರೆಯ ಜೊತೆಗೇ ಸಾಲೆಯ ಕೋಣೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಯಾರೂ ಕದ್ದಿರಲಿಲ್ಲ. ಹಾಗಾದರೆ ಆ ಕೂದಲು?

ಮಹಾರಾಜರು ಕಾಯುತ್ತಿದ್ದರು. ಹಿಂದೆ ತಗಡಿನ ಮರೆಯಲ್ಲಿ ಹೆಗಲು ಕೊಟ್ಟು ನಿಂತವಳ ಉಸಿರು ಕೇಳಿಸುತ್ತಿತ್ತು.

"ಹೇಳ," ಎಂದ ಬಾಪುಸಾಹೇಬ ತುಟಿಯಲ್ಲೇ.

ಸುಮ್ಮನೆ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮೂರು ವರ್ಷದ ಸಪ್ಪೆ ಚಹಾ, ಬಸದಿಯ ಹೆಂಗಸರ ಕಣ್ಣು, ಎಲ್ಲವೂ ಒಂದು ಮಾತಿನ ಆಚೆ ಮುಗಿಯುತ್ತಿತ್ತು. ಅವಳು ಆಸೆಪಟ್ಟಳು, ಬಹಳ ಆಸೆಪಟ್ಟಳು.

"ಮನಶುದ್ಧಿ ಇಲ್ರಿ ಮಹಾರಾಜ," ಎಂದಳು ಜಿನ್ನವ್ವ.

ಮಹಾರಾಜರು ಕಣ್ಣೆತ್ತಿ ಅವಳನ್ನೊಮ್ಮೆ ನೋಡಿದರು. ಆಹಾರಕ್ಕೆ ಹೊರಟಾಗ ಅವರು ಮಾತಾಡುವುದಿಲ್ಲ. ಬೆರಳು ಹೆಗಲಿನಿಂದ ತೆಗೆಯದೆ ಮುಂದೆ ನಡೆದರು. ಮುಂದೆ ಇದ್ದದ್ದು ಸಾವಿತ್ರವ್ವನ ಚಪ್ಪರ, ಅದರ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಲಶ ನೆಲದ ಮೇಲಿತ್ತು. ಅದನ್ನು ಹಿಡಿಯಬೇಕಾದವಳು ಇಲ್ಲಿ ಇವಳ ಛಾವಣಿ ಹೊತ್ತು ನಿಂತಿದ್ದಳು. ಯಾರೂ ಕರೆಯದಿದ್ದರೆ ಮಹಾರಾಜರು ಹಾಗೇ ತಿರುಗಿ ಸಾಲೆಗೆ ಹೋಗುವರು, ಇನ್ನೊಂದು ದಿನದ ಉಪವಾಸ.

ಜಿನ್ನವ್ವ ಕಲಶವನ್ನು ಗಂಡನ ಕೈಗೆ ತುರುಕಿ ಒಳಗೆ ನುಗ್ಗಿದಳು. ಪೈಪಿಗೆ ತನ್ನ ಹೆಗಲು ಕೊಟ್ಟು, ಎರಡೂ ಕೈ ಮೇಲೆತ್ತಿ ಚೌಕಟ್ಟು ಹಿಡಿದಳು.

"ನೀ ಹೋಗ. ಓಡ."

"ಅಕ್ಕಾ, ಒಬ್ಬಾಕಿಗೆ ಆಗೂದಿಲ್ಲ."

"ಆಗತೈತಿ. ಹೋಗ ಸಾವಿತ್ರಿ, ದಾಟತಾರ."

ಸಾವಿತ್ರವ್ವ ಓಡಿದಳು. ಜಿನ್ನವ್ವನಿಗೆ ಅವಳು ಕಾಣಲಿಲ್ಲ, ತಗಡು ಅಡ್ಡವಿತ್ತು. ಕಿವಿಯಷ್ಟೇ ಉಳಿಯಿತು. ಓಡಿದ ಹೆಜ್ಜೆ, ಕಲಶ ಎತ್ತಿದ ಸದ್ದು, ಏದುಸಿರಿನ ನಮೋಸ್ತು. ಆಮೇಲೆ ನೋಡಲು ನೆರೆದವರ ಪಿಸುಮಾತು. ನಿಂತರು. ಯಾಕೆ ನಿಂತರೆಂದು ಆಮೇಲೆ ಎಷ್ಟೋ ದಿನ ಜನ ತಮತಮಗೆ ತೋಚಿದಂತೆ ಹೇಳಿಕೊಂಡರು. ಕೈಗೆ ಹಿಟ್ಟು ಮೆತ್ತಿದವಳು ಸಿಗಬೇಕೆಂದಿತ್ತು ವಿಧಿ ಎಂದು ಒಬ್ಬರು, ಓಡಿಬಂದು ಕರೆಯಬೇಕೆಂದಿತ್ತು ಎಂದು ಇನ್ನೊಬ್ಬರು.

ಜಿನ್ನವ್ವ ಉಸಿರು ಹಿಡಿದು ಕೇಳಿದಳು. ಆ ಮೊದಲ ಮಾತಿನಲ್ಲಿ ಇವಳೂ ತಡವರಿಸುತ್ತಾಳೆಯೇ? ಅಕ್ಕಿಯಲ್ಲಿ ಹರಳು ಆರಿಸುವವಳಂತೆ ಕಾದಳು.

"ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ," ಎಂದಳು ಸಾವಿತ್ರವ್ವ. ಉಸಿರು ತುಂಡಾಗಿತ್ತು, ಮಾತು ತುಂಡಾಗಲಿಲ್ಲ.

ಹರಳು ಸಿಗಲಿಲ್ಲ. ಜಿನ್ನವ್ವನ ಕಣ್ಣಿನಿಂದ ನೀರು ಇಳಿಯಿತು. ಕೈ ಎರಡೂ ಮೇಲಿದ್ದವು, ಒರೆಸಿಕೊಳ್ಳಲು ಆಗಲಿಲ್ಲ.

ಈಶ್ವರ ಬೋಲ್ಟು ತೆಗೆದುಕೊಂಡು ಓಡಿಬಂದಾಗ ಚಪ್ಪರದಲ್ಲಿ ಮಹಾರಾಜರು ನಿಂತು ಬೊಗಸೆ ಒಡ್ಡಿದ್ದರು. ಸುತ್ತಿಗೆಯ ಪೆಟ್ಟಿಲ್ಲದೆ ಬೋಲ್ಟು ಹೋಗುವಂತಿರಲಿಲ್ಲ, ಆಹಾರದ ನಡುವೆ ಅಂಥ ಸದ್ದು ಕೂಡದು. ಹಿಡಿಕೆ ತಿರುಗಿಸಿ ಇಳಿಸೋಣವೆಂದರೆ ರಾಟಿ ಕಿರುಚುತ್ತದೆ. ಅವಳೇ ಹಚ್ಚಿಸಿದ ತಗಡು ಸೇರಿ ಭಾರ ಹೆಗಲನ್ನು ಸೀಳುತ್ತಿತ್ತು. ಕೈಬಿಟ್ಟರೆ ಸಾಕಿತ್ತು. ಛಾವಣಿ ಬೀಳುತ್ತಿತ್ತು, ಒಲೆಯ ಬೂದಿ ಗಾಳಿಗೆ ಎದ್ದು ಪಕ್ಕದ ಚಪ್ಪರದೊಳಗೆ ಹೋಗುತ್ತಿತ್ತು, ಅಲ್ಲಿಗೆ ಅಂತರಾಯ. ಮೂರು ವರ್ಷ ಯಾವುದನ್ನು ಇನ್ನೊಬ್ಬಳ ತಲೆಗೆ ಕಟ್ಟಿದ್ದಳೋ ಅದು ಈಗ ಅವಳ ಎರಡು ಅಂಗೈಯಲ್ಲಿ ಇತ್ತು.

ಬಾಪುಸಾಹೇಬ ಒಳಗೆ ಬಂದು, "ಕೊಡಿಲ್ಲೆ, ನಾ ಹಿಡಿತೇನಿ," ಎಂದು ಪಿಸುಗುಟ್ಟಿದ.

"ಬ್ಯಾಡ. ಕೈ ಬದಲಿ ಮಾಡೂವಾಗ ಜಾರೀತು. ನೀವು ಆ ಮೂಲಿ ಹಿಡೀರಿ, ಅದೂ ಅಳ್ಳಾಡಾಕತ್ತೈತಿ."

ಗಂಡಹೆಂಡತಿ ಎರಡು ಮೂಲೆ ಹೊತ್ತು ನಿಂತರು. ಆಚೆ ನೀರು ಹೊಯ್ಯುವ ಸದ್ದು, ಹಾಲು ಹೊಯ್ಯುವ ಸದ್ದು, ಒಮ್ಮೊಮ್ಮೆ ಸಾವಿತ್ರವ್ವನ ಮೆಲುದನಿ. ಕೊನೆಗೆ ಜಯಕಾರ ಎದ್ದಿತು. ಆಹಾರ ನಿರಂತರಾಯವಾಗಿ ಮುಗಿದಿತ್ತು. ಮಹಾರಾಜರು ಪಿಂಛಿ ಎತ್ತಿ ಎಲ್ಲರಿಗೂ ಆಶೀರ್ವಾದ ಮಾಡಿ ಸಾಲೆಯ ಕಡೆ ನಡೆದರು. ಈಶ್ವರ ಒಳಗೆ ಬಂದು ಬೋಲ್ಟಿಗೆ ಒಂದು ಪೆಟ್ಟು ಕೊಟ್ಟ ಮೇಲೆ ಜಿನ್ನವ್ವ ಕೈ ಇಳಿಸಿದಳು. ಕೈ ತನ್ನದೆಂದೇ ಅನ್ನಿಸಲಿಲ್ಲ.

"ಈಶ್ವರಪ್ಪಾ, ಈ ತಗಡ ಕತ್ತರಿಸಿ ತಗಿ," ಎಂದಳು.

"ಈಗೇನ್ರಿ?"

"ಈಗ."

ಸಾವಿತ್ರವ್ವ ಚಾದರ ಸರಿಸಿ ಬಂದಳು. ಜಿನ್ನವ್ವ ಅವಳ ಕಣ್ಣು ನೋಡದೆ ನೆಲ ನೋಡಿಕೊಂಡೇ ಹೇಳಿದಳು:

"ಪಿನ್ನ ನನ್ನ ರಾತ್ರಿ ಸೀರ್ಯಾಗ ಐತಿ. ನಾನ ಕಟ್ಟಕೊಂಡಿದ್ನಿ."

"ಗೊತ್ತಿತ್ತು," ಎಂದಳು ಸಾವಿತ್ರವ್ವ. "ರಾತ್ರಿ ನೀ ಎದ್ದ ಕುಂತು ಬ್ಯಾರೆ ಗಂಟ ಹಾಕೂದ ನೋಡೇನಿ. ನಾನೂ ಮಲಗಿರಲಿಲ್ಲ."

"ಗೊತ್ತಿತ್ತಂದ್ರ ಮುಂಜಾನಿ ಯಾಕ ಹೇಳಲಿಲ್ಲ?"

ಸಾವಿತ್ರವ್ವ ಮೊಣಕೈಗೆ ಒಣಗಿ ಹತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆದಳು.

"ಹೇಳಿದ್ರ, ನಿನ್ನ ಸೀರ್ಯಾಗ ನಾನ ಒಯ್ದ ಕಟ್ಟೇನಿ ಅಂತಿದ್ದಿ, ಅಕ್ಕಾ."